ಗೋಂದಕ್ಕನ ಇಪ್ಪತ್ತೊಂದು ದಿನ

ನಮ್ಮ ಪುರಸಭೆಯ ಕಟ್ಟಡ ಶಾಖೆಯಲ್ಲಿ ಆಕೆಯ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಉಳಿದಂತೆ ಮುಖ್ಯಾಧಿಕಾರಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಗೋಂದಕ್ಕ. ಹಳದಿ ನೋಟಿಸುಗಳನ್ನು ಊರಿನ ಗೋಡೆ, ಗೇಟು, ಕಂಬಗಳಿಗೆ ಅಂಟಿಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷ ಅದೊಂದೇ ಕೆಲಸ ಮಾಡಿದಳು. ಬಲಗೈಯ ಎರಡು ಬೆರಳು ಸದಾ ಒಣಗಿದ ಗೋಂದಿನಿಂದ ಬಿಳಿಚಿಕೊಂಡಿರುತ್ತಿದ್ದವು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕೈ ಎತ್ತಿದರೆ ಪುಟವೂ ಜೊತೆಗೇ ಏಳುತ್ತಿತ್ತು. ನಾನು ಅದೇ ಶಾಖೆಯಲ್ಲಿ ಸಭೆಗಳ ನಡಾವಳಿ ಬರೆಯುವ ಗುಮಾಸ್ತನಾಗಿದ್ದೆ. ಈಗ ನಿವೃತ್ತನಾಗಿದ್ದೇನೆ, ಯಾರ ಹಂಗೂ ಇಲ್ಲ, ಹೇಳಿಬಿಡುತ್ತೇನೆ: ಆ ಕಟ್ಟಡದಲ್ಲಿ ತನ್ನ ಕೆಲಸ ಏಕೆ ಇದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಯಾರಾದರೂ ಹೊಸ ಮನೆ ಕಟ್ಟಬೇಕು, ಇದ್ದ ಮನೆಗೆ ಮಹಡಿ ಏರಿಸಬೇಕು, ಮನೆಯನ್ನು ಅಂಗಡಿ ಮಾಡಬೇಕು ಎಂದರೆ ನಕ್ಷೆ ಸಮೇತ ಅರ್ಜಿ ಕೊಡಬೇಕು. ಮೂರು ದಿನದೊಳಗೆ ಆ ಜಾಗದಲ್ಲಿ ಹಳದಿ ನೋಟಿಸು ಬೀಳಬೇಕು. ಅಲ್ಲಿಂದ ಇಪ್ಪತ್ತೊಂದು ದಿನ ನೆರೆಹೊರೆಯವರಿಗೆ ಸೇರಿದ್ದು. ಆ ದಿನಗಳಲ್ಲಿ ಯಾರೂ ತುಟಿ ಪಿಟಕ್ಕೆನ್ನದಿದ್ದರೆ ಯೋಜನಾಧಿಕಾರಿ ತಮ್ಮ ಮೇಜಿನ ಮೇಲೇ ಸಹಿ ಹಾಕಿ ಮುಗಿಸುತ್ತಾರೆ. ಒಬ್ಬರೇ ಒಬ್ಬರು ಆಕ್ಷೇಪಣೆ ಬರೆದುಕೊಟ್ಟರೂ ಕಡತ ಐದು ಜನ ಸದಸ್ಯರ ಸಮಿತಿಗೆ ಹೋಗುತ್ತದೆ. ನೋಟಿಸಿನ ಭಾಷೆಯೋ, ಬರೆದವನಿಗೂ ಅರ್ಥವಾಗದ್ದು. ‘ಸದರಿ ನಿವೇಶನದ ಮೇಲ್ಭಾಗದ ವಿಸ್ತರಣೆಯ ಪ್ರಸ್ತಾವಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ ಹನ್ನೊಂದು ಸಾಲು ಓಡಿ ಎಲ್ಲೋ ಸುಸ್ತಾಗಿ ನಿಲ್ಲುತ್ತಿತ್ತು. ಜನ ಅದನ್ನು ಓದುವ ಬದಲು ಅದರ ಮೇಲೆ ಕಳೆದುಹೋದ ಬೆಕ್ಕಿನ ಚಿತ್ರ ಅಂಟಿಸುತ್ತಿದ್ದರು.

ಅದಕ್ಕೇ ಗೋಂದಕ್ಕ ಅಂಟಿಸಿ ಸುಮ್ಮನೆ ಬರುತ್ತಿರಲಿಲ್ಲ. ಎಡಕ್ಕೆ ಎರಡು, ಬಲಕ್ಕೆ ಎರಡು, ಹಿಂದೊಂದು, ಎದುರಿಗೊಂದು ಬಾಗಿಲು ತಟ್ಟಿ ಬರುತ್ತಿದ್ದಳು. ಹಾಗೆ ತಟ್ಟಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ನಾನು ಇನ್ನೂ ಕೆಲಸಕ್ಕೆ ಸೇರುವ ಮೊದಲು ಒಂದು ದಿನ ನಮ್ಮ ಮನೆಯ ಬಾಗಿಲನ್ನೂ ತಟ್ಟಿದ್ದಳು. ಪಕ್ಕದ ಖಾಲಿ ಜಾಗದಲ್ಲಿ ಮರ ಕೊಯ್ಯುವ ಮಿಲ್ಲು ಬರುವುದಿತ್ತು. ನಮ್ಮಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

“ನಿಮ್ಮ ಪಕ್ಕದಲ್ಲಿ ಮಿಲ್ಲು ಬರುತ್ತೆ. ಇಪ್ಪತ್ತೊಂದು ದಿನ ಟೈಮಿದೆ. ಆಮೇಲೆ ಬಂದು ನಮ್ಮ ಆಫೀಸಲ್ಲಿ ಅತ್ರೆ ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಏನು ಬರೀತೀರಿ?”

“ಅವನು ಮೊದಲಿಂದಲೂ ಕೆಟ್ಟೋನು ಅಂತ ಬರೀತೀನಿ,” ಎಂದಳು ಅಮ್ಮ.

“ಬೇಡ. ಕೆಟ್ಟೋರು, ಒಳ್ಳೇರು ಅನ್ನೋದು ಅಲ್ಲಿ ನಡೆಯಲ್ಲ. ಸದ್ದು ಅಂತ ಬರೀರಿ, ಧೂಳು ಅಂತ ಬರೀರಿ, ರಸ್ತೆ ಸಣ್ಣದು ಅಂತ ಬರೀರಿ. ಬೆಳಕು ಹೋಗುತ್ತೆ ಅಂತ ಬರೀಬಹುದು, ನೋಟ ಹೋಗುತ್ತೆ ಅಂತ ಬರೀಬಾರದು. ಯಾಕೆ ಅಂತ ನನ್ನ ಕೇಳ್ಬೇಡಿ. ಬೆಳಕು ಲೆಕ್ಕಕ್ಕೆ ಬರುತ್ತೆ, ನೋಟ ಬರಲ್ಲ.”

ಮಿಲ್ಲು ಬರಲಿಲ್ಲ. ಅಮ್ಮ ತನ್ನ ಕೊನೆಯ ವರ್ಷಗಳನ್ನು ಆ ಮನೆಯಲ್ಲಿ ನಿಶ್ಶಬ್ದವಾಗಿ ಕಳೆದಳು. ಆ ಋಣ ನನ್ನ ತಲೆಯ ಮೇಲಿತ್ತು. ಮುಂದೆ ನಾನು ಮಾಡಿದ ತಪ್ಪಿಗೆ ಇದನ್ನು ನೆಪ ಅಂದರೂ ಸರಿ, ಕಾರಣ ಅಂದರೂ ಸರಿ.

ಗೋಂದಕ್ಕನ ಬಾಯಿಂದಾಗಿ ನಮ್ಮ ಶಾಖೆಗೆ ಆಕ್ಷೇಪಣೆಗಳು ಪಕ್ಕದ ಊರಿಗಿಂತ ಮೂರು ಪಟ್ಟು ಬರುತ್ತಿದ್ದವು. ಯೋಜನಾಧಿಕಾರಿ ಸಿಡಿಮಿಡಿಗೊಂಡು ಒಮ್ಮೆ ಆಕೆಯನ್ನು ಕರೆಸಿ, “ನಿನ್ನ ಕೆಲಸ ಅಂಟಿಸೋದು, ಊದೋದಲ್ಲ,” ಎಂದರು. “ಸಾರ್, ಅದರ ಮೇಲೆ ‘ತಿಳಿವಳಿಕೆ ಪತ್ರ’ ಅಂತ ಬರೆದಿದೆ. ಗೋಡೆಗೆ ತಿಳಿದ್ರೆ ಸಾಕಾ?” ಎಂದು ಕೇಳಿ ಡಬ್ಬಿ ಎತ್ತಿಕೊಂಡು ಹೋದಳು. ಅಧಿಕಾರಿ ಮೂಗು ಮುರಿದರು, ಅಷ್ಟೆ. ಅವಳ ಕೂದಲೂ ಕೊಂಕಲಿಲ್ಲ.

ಅವಳ ಗಂಡ ರಫು ಕೆಲಸದವನು. ಹರಿದ ಬಟ್ಟೆಯಿಂದಲೇ ಎಳೆ ಬಿಡಿಸಿ, ಅದೇ ಎಳೆಯಿಂದ ತೂತು ಮುಚ್ಚಿ, ಎಲ್ಲಿ ಹರಿದಿತ್ತು ಎಂದು ಬಟ್ಟೆಯ ಯಜಮಾನನೇ ಹುಡುಕುವ ಹಾಗೆ ಮಾಡಿಕೊಡುತ್ತಿದ್ದ. ಮಾತು ಕಡಿಮೆ. ಹೆಂಡತಿ ಊರಿಗೆಲ್ಲ ಆಡಿ ಮುಗಿಸಿದ ಮೇಲೆ ಉಳಿದದ್ದು ಅವನ ಪಾಲಿಗೆ ಬಂದಿರಬೇಕು ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು. ಅವನು ಕೂರುತ್ತಿದ್ದದ್ದು ಮನೆಯ ಹಿಂಭಾಗದ ಒಂದು ಪುಟ್ಟ ಕೋಣೆಯಲ್ಲಿ, ಕಿಟಕಿಗೆ ಮೊಣಕೈ ತಾಗುವಷ್ಟು ಹತ್ತಿರ. ಗೋಡೆಯ ಮೇಲೆ ಸಾಲಾಗಿ ನೂಲಿನ ಉಂಡೆಗಳು. ಕಪ್ಪೇ ಒಂಬತ್ತು ತರಹ. ದೀಪದ ಬೆಳಕಿನಲ್ಲಿ ಕಡುನೀಲಿಯೂ ಕಪ್ಪೂ ಒಂದೇ, ಕಂದೂ ಹಸಿರೂ ಒಂದೇ. ಬಣ್ಣ ಹೊಂದಿಸಲು ಆಕಾಶದ ಬೆಳಕೇ ಬೇಕು. ಅದು ಆ ಕಿಟಕಿಯಿಂದ, ಪಕ್ಕದ ಮನೆಯ ತಗ್ಗಾದ ತಾರಸಿಯ ಮೇಲಿನಿಂದ, ಸಂಜೆಯವರೆಗೂ ಬರುತ್ತಿತ್ತು.

ಆ ಪಕ್ಕದ ಮನೆ ಅವನ ತಮ್ಮನದು. ತಮ್ಮ ಲಾರಿ ಓಡಿಸುತ್ತಿದ್ದ. ತಿಂಗಳಲ್ಲಿ ನಾಲ್ಕು ದಿನ ಊರಲ್ಲಿದ್ದರೆ ಹೆಚ್ಚು. ಮನೆ ತಮ್ಮನ ಹೆಂಡತಿಯ ಹೆಸರಿನಲ್ಲಿತ್ತು. ಗೋಂದಕ್ಕನಿಗೂ ಈ ವಾರಗಿತ್ತಿಗೂ ವಿಶೇಷ ಪ್ರೀತಿಯೂ ಇರಲಿಲ್ಲ, ವಿಶೇಷ ಜಗಳವೂ ಇರಲಿಲ್ಲ. ಒಬ್ಬರ ಮನೆಯ ಬಕೆಟ್ಟು ಇನ್ನೊಬ್ಬರ ಮನೆಯಲ್ಲಿ ಇರುತ್ತಿತ್ತು. ವಾರಗಿತ್ತಿಯ ಮಗಳು ಸಂಸಾರ ಮುರಿದುಕೊಂಡು ಇಬ್ಬರು ಹೆಣ್ಣುಮಕ್ಕಳೊಂದಿಗೆ ತವರಿಗೆ ಬಂದಾಗ ಆ ಎರಡು ಕೋಣೆಯ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಹೋಯಿತು. ವಾರಗಿತ್ತಿ ಮಹಡಿಯ ಮೇಲೊಂದು ಕೋಣೆಗೆ ಅರ್ಜಿ ಹಾಕಿದಳು.

ಹಳದಿ ನೋಟಿಸು ಅಚ್ಚಾಗಿ ಬಂದಾಗ ಗೋಂದಕ್ಕ ವಿಳಾಸವನ್ನು ಎರಡು ಸಲ ಓದಿದಳು. ಆಮೇಲೆ ಹೋಗಿ ಎರಡು ಮನೆಗೂ ನಡುವೆ ಇದ್ದ ಗೇಟಿಗೆ, ಒಂದು ಮೂಲೆಯೂ ಏಳದ ಹಾಗೆ, ಅಂಟಿಸಿ ಬಂದಳು. ಮರುದಿನ ನನ್ನ ಮೇಜಿನ ಮುಂದೆ ಕುಳಿತು ಸ್ವಂತ ಕೈಬರಹದಲ್ಲಿ ಆಕ್ಷೇಪಣೆ ಬರೆದಳು. ನೌಕರರು ಆಕ್ಷೇಪಣೆ ಹಾಕಬಾರದು ಎಂದು ಎಲ್ಲೂ ಇರಲಿಲ್ಲ, ಹಾಕಿದವರೂ ಇರಲಿಲ್ಲ. ‘ಕೆಲಸದ ಕೋಣೆಗೆ ಬರುವ ಹಗಲು ಬೆಳಕು ಪೂರ್ತಿ ನಿಂತುಹೋಗುತ್ತದೆ’ ಎಂಬ ಒಂದೇ ವಾಕ್ಯ. ನೋಟ, ನೆಂಟಸ್ತಿಕೆ, ಹಳೆಯ ಮಾತು ಯಾವುದೂ ಇಲ್ಲ. ಅಷ್ಟು ಅಚ್ಚುಕಟ್ಟಾದ ಆಕ್ಷೇಪಣೆಯನ್ನು ನಾನು ವಕೀಲರಿಂದಲೂ ಕಂಡಿರಲಿಲ್ಲ.

“ವಾರಗಿತ್ತಿಗೆ ಹೇಳಿದ್ಯಾ?” ಎಂದೆ.

“ಹೇಳ್ದೆ. ‘ನನ್ನ ಮೊಮ್ಮಕ್ಕಳು ಅಡುಗೆಮನೇಲಿ ಮಲಗ್ತಿದಾರೆ ಅಕ್ಕ’ ಅಂದ್ಲು. ನಿಜಾನೇ. ಆದ್ರೆ ಅದು ಲೆಕ್ಕಕ್ಕೆ ಬರಲ್ಲ. ಮನೇಲಿ ಎಷ್ಟು ಜನ, ಎಷ್ಟು ಕಷ್ಟ, ಇದ್ಯಾವುದನ್ನೂ ಸಮಿತಿ ನೋಡೋ ಹಾಗಿಲ್ಲ. ನನ್ನ ಗಂಡನ ಕಿಟಕಿ ನೋಡುತ್ತೆ.” ಹೇಳುವಾಗ ಅವಳ ಮುಖದಲ್ಲಿ ಗೆಲುವು ಇರಲಿಲ್ಲ. “ಅವರ ಕೈಲಿ ಇದೊಂದೇ ಕೆಲಸ ಇರೋದು. ಬೆಳಕು ಹೋದ್ರೆ ಈ ವಯಸ್ಸಲ್ಲಿ ಏನು ಮಾಡ್ತಾರೆ?”

“ಅವರೇನಂದ್ರು?”

“ಅವರು ಏನಾದ್ರೂ ಅಂದಿದ್ದು ಯಾವಾಗ?”

ಕಡತ ಸಮಿತಿಗೆ ಹೋಗುವ ಮೊದಲು ಅಕ್ಕಪಕ್ಕದ ಮನೆಗಳ ಹಳೆಯ ನಕ್ಷೆಗಳನ್ನು ತೆಗೆದು ಜೊತೆಗಿಡುವುದು ನನ್ನ ಕೆಲಸ. ದಾಖಲೆ ಕೋಣೆಯ ಏಣಿ ಹತ್ತಿ, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಹದಿನೆಂಟು ವರ್ಷದ ಹಿಂದಿನ ಗೋಂದಕ್ಕನ ಮನೆಯ ನಕ್ಷೆ ಹುಡುಕಿದೆ. ಕೆಳಗಿಳಿದು ಮೇಜಿನ ಮೇಲೆ ಬಿಡಿಸಿದೆ. ಆ ಹಿಂದಿನ ಕೋಣೆಯ ನಡುವೆ ನಕ್ಷೆಗಾರನ ದುಂಡು ಅಕ್ಷರದಲ್ಲಿ ‘ಸಾಮಾನು ಕೋಣೆ’ ಎಂದು ಬರೆದಿತ್ತು. ಮನುಷ್ಯರು ಇರುವ ಕೋಣೆಗೆ ಬೆಳಕಿನ ಹಕ್ಕಿದೆ. ಸಾಮಾನಿಗೆ ಇಲ್ಲ. ಇದು ನಮ್ಮ ನಿಯಮಪುಸ್ತಕದ ಒಂದೂವರೆ ಸಾಲು.

ಅವಳನ್ನು ಕರೆದು ತೋರಿಸಿದೆ. ಅವಳು ಆ ಅಕ್ಷರಗಳನ್ನು ನೋಡಿ ಬೆಂಚಿನ ಮೇಲೆ ಕುಳಿತುಬಿಟ್ಟಳು.

“ನಾನೇ ಹೇಳಿ ಬರೆಸಿದ್ದು. ಜನ ಇರೋ ಕೋಣೆ ಅಂದ್ರೆ ಕಿಟಕಿ ಮುಂದೆ ಎರಡು ಮೀಟರು ಖಾಲಿ ಬಿಡ್ಬೇಕಿತ್ತು. ನಮ್ಮ ಹತ್ರ ಒಂದೇ ಇದ್ದದ್ದು. ‘ಸಾಮಾನು ಕೋಣೆ ಅಂತ ಬರೆದುಬಿಡಿ, ಯಾರೂ ಕೇಳಲ್ಲ’ ಅಂದೆ. ಆಫೀಸಲ್ಲಿ ಕೆಲಸ ಮಾಡ್ತೀನಲ್ಲ, ಬುದ್ಧಿವಂತೆ ನೋಡು.” ತನ್ನನ್ನೇ ಬೈದುಕೊಳ್ಳುವಂತೆ ಒಮ್ಮೆ ನಕ್ಕಳು. “ಮಾಡಿದ್ದುಣ್ಣೋ ಮಹಾರಾಯ.”

ಆಗ ನಾನು ಆ ಮಾತು ಆಡಿದೆ. “ಹಳೇ ಕಡತ. ಇಲಿ, ಗೆದ್ದಲು ಎಲ್ಲ ಇದೆ. ಸಿಗದೇ ಇರಬಹುದು.”

ಅವಳು ಬೆರಳಿಗಂಟಿದ ಒಣ ಗೋಂದನ್ನು ಕೆರೆಯತೊಡಗಿದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ನೋಟಿಸನ್ನೂ ತಡವಾಗಿ ಅಂಟಿಸದವಳು. ಬಿಲ್ಡರೊಬ್ಬ ಕೈ ಬಿಸಿ ಮಾಡಲು ಬಂದಾಗ ಅವನ ಹೊಸ ಕಾರಿನ ಬಾಗಿಲಿಗೇ ನೋಟಿಸು ಅಂಟಿಸಿ ಕಳಿಸಿದವಳು. ಕೊನೆಗೆ ನೆಲ ನೋಡುತ್ತಲೇ “ಸಿಗದೇ ಇರ್ಲಿ” ಎಂದಳು. ನಾನು ನಕ್ಷೆಯನ್ನು ಮಡಚಿ ನನ್ನ ಡ್ರಾಯರಿಗೆ ಹಾಕಿದೆ. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಆ ದಿನ ಮಾತ್ರ ನಾಚಿಕೆಗಿಂತ ಹೆಚ್ಚಾಗಿ ಸಮಾಧಾನವಾಗಿತ್ತು.

ಯೋಜನಾಧಿಕಾರಿ ನಿಯಮದ ಮನುಷ್ಯ. ಕಚೇರಿಯ ಪ್ರತಿ ಸಿಗುತ್ತಿಲ್ಲ ಎಂದಾಗ, ಮಾಲೀಕರ ಪ್ರತಿ ಇದ್ದರೆ ಒಪ್ಪಿಸಿ ಎಂದು ಗೋಂದಕ್ಕನ ಮನೆಗೆ ಅಂಚೆಯಲ್ಲಿ ಪತ್ರ ಕಳಿಸಿದರು. ಎದುರಿಗೇ ಓಡಾಡುತ್ತಿದ್ದವಳ ಕೈಗೆ ಕೊಡಲಿಲ್ಲ. ಕೊಟ್ಟರೆ ಅದು ಕಚೇರಿಯಲ್ಲ ಎಂಬ ಮನುಷ್ಯ. ‘ನಮ್ಮಲ್ಲಿಯೂ ಇಲ್ಲ’ ಎಂದು ಅವಳಿಂದ ಉತ್ತರ ಬಂತು.

ಮುಂದಿನ ವಾರ ಸಮಿತಿಯವರು ಸ್ಥಳ ನೋಡಲು ಬಂದರು. ಸ್ಥಳ ಪರಿಶೀಲನೆಗೆ ಒಂದು ಕಟ್ಟುಪಾಡಿದೆ: ಅಲ್ಲಿ ಯಾರೂ ಮಾತಾಡುವಂತಿಲ್ಲ. ಅರ್ಜಿದಾರರೂ ಇಲ್ಲ, ಆಕ್ಷೇಪಣೆ ಹಾಕಿದವರೂ ಇಲ್ಲ. ಸದಸ್ಯರು ನೋಡಬೇಕು, ಹೋಗಬೇಕು. ಮೊದಲು ವಾರಗಿತ್ತಿಯ ಮನೆ. ಅಡುಗೆಮನೆಯ ಮೂಲೆಯಲ್ಲಿ ಮೂರು ಹಾಸಿಗೆ ಸುರುಳಿ, ಅವುಗಳ ಮೇಲೆ ಶಾಲೆಯ ಎರಡು ಚೀಲ. ವಾರಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಮೇಲೆ ಗೋಂದಕ್ಕನ ಮನೆಯ ಹಿಂದಿನ ಕೋಣೆ. ಐದು ಜನ ಹಿಡಿಸದೆ ಇಬ್ಬರು ಬಾಗಿಲಲ್ಲೇ ನಿಂತರು. ರಫುಗಾರ ತಲೆ ಎತ್ತದೆ ಒಂದು ಕೋಟಿನ ತೋಳು ಹೊಲಿಯುತ್ತಿದ್ದ. ಎರಡು ಎಳೆಗಳನ್ನು ಕಿಟಕಿಗೆ ಹಿಡಿದು, ಒಂದನ್ನು ಬಿಟ್ಟು, ಇನ್ನೊಂದನ್ನು ಸೂಜಿಗೆ ಪೋಣಿಸಿದ. ಸಮಿತಿಯಲ್ಲಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮಾತಿಲ್ಲದೆಯೇ ಎಲ್ಲ ಹೇಳಿದಂತಾಗಿತ್ತು. ಹೊರಗೆ ಬಂದಾಗ ಗೋಂದಕ್ಕ ನನಗೆ ಕಣ್ಣಲ್ಲೇ ‘ಆಯ್ತು’ ಎಂದಳು.

ಸಭೆ ಸೇರಿದ್ದು ಒಂದು ಗುರುವಾರ ಮಧ್ಯಾಹ್ನ. ಅಧ್ಯಕ್ಷೆ ಔಷಧದಂಗಡಿ ನಡೆಸುವ ಹೆಂಗಸು, ಎಲ್ಲದರಲ್ಲೂ ಅಳತೆ. ಮಾತಾಡುವವರಿಗೆ ಮೂರೇ ನಿಮಿಷ ಎಂದು ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಗಡಿಯಾರವನ್ನು ಮನೆಯಿಂದಲೇ ತಂದಿಟ್ಟುಕೊಳ್ಳುತ್ತಿದ್ದರು. ಯೋಜನಾಧಿಕಾರಿ ವರದಿ ಓದಿದರು. ಬೆಳಕು ಕಡಿಮೆಯಾಗುವ ಸಂಭವವಿದೆ, ಆದರೆ ಆ ಕೋಣೆಯ ಮೂಲ ಸ್ವರೂಪ ದಾಖಲೆಗಳಿಂದ ತಿಳಿಯುವುದಿಲ್ಲ, ಸಮಿತಿ ಸೂಕ್ತ ತೀರ್ಮಾನ ಕೈಗೊಳ್ಳಬಹುದು. ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ.

ಗೋಂದಕ್ಕ ಎದ್ದು ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದಳು. ಕಿಟಕಿಯ ಅಗಲ, ಪಕ್ಕದ ಗೋಡೆಯ ಈಗಿನ ಎತ್ತರ, ಮುಂದಿನ ಎತ್ತರ, ರಫು ಕೆಲಸಕ್ಕೆ ಹಗಲು ಬೆಳಕು ಏಕೆ ಬೇಕು. ಮೇಷ್ಟ್ರು ಉದ್ದಕ್ಕೂ ತಲೆಯಾಡಿಸುತ್ತಿದ್ದರು. ಇನ್ನಿಬ್ಬರು ಪೆನ್ನಿನಿಂದ ಏನೋ ಗುರುತು ಹಾಕಿಕೊಂಡರು. ಗೆದ್ದಳು ಅಂದುಕೊಂಡೆ.

“ಅರ್ಜಿಯ ಪರ ಯಾರು ಮಾತಾಡ್ತೀರಿ?” ಎಂದು ಅಧ್ಯಕ್ಷೆ ಕೇಳಿದರು.

ವಾರಗಿತ್ತಿ ಎದ್ದಳು. ಕೈಯಲ್ಲಿದ್ದ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನನಗೆ ಮಾತು ಬರಲ್ಲ. ನನ್ನ ಪರವಾಗಿ ನಮ್ಮ ಭಾವ ಮಾತಾಡ್ತಾರೆ,” ಎಂದು ಕುಳಿತಳು.

ಹಿಂದಿನ ಸಾಲಿನಿಂದ ರಫುಗಾರ ಎದ್ದು ಬಂದ. ಅವನು ಸಭೆಗೆ ಬಂದದ್ದನ್ನೇ ನಾನು ನೋಡಿರಲಿಲ್ಲ. ಗೋಂದಕ್ಕ ಹಿಂತಿರುಗಿ ನೋಡಿದಳು. ಅವನು ಮೈಕು ಮುಟ್ಟಲಿಲ್ಲ. ಅಂಗಿಯ ಒಳಗಿಂದ ಮಡಚಿದ ಒಂದು ಹಾಳೆ ತೆಗೆದು ಅಧ್ಯಕ್ಷೆಯ ಮುಂದೆ ಬಿಚ್ಚಿ, ನಾಲ್ಕು ಮೂಲೆಯನ್ನೂ ಅಂಗೈಯಿಂದ ಸವರಿ ಸಮ ಮಾಡಿದ.

“ಇದು ನಮ್ಮ ಮನೆ ನಕ್ಷೆ. ಆಫೀಸಲ್ಲಿ ಸಿಗಲಿಲ್ಲ ಅಂದ್ರಂತೆ. ಇಲ್ಲಿದೆ. ನಮ್ಮ ತಮ್ಮನ ಮಗಳ ಕಷ್ಟ ಇಲ್ಲಿ ಲೆಕ್ಕಕ್ಕೆ ಬರಲ್ಲ ಅಂತ ನನ್ನ ಹೆಂಡತಿ ಹೇಳ್ತಾಳೆ. ಅವಳಿಗೆ ಇದೆಲ್ಲ ಗೊತ್ತು. ಹಾಗಾಗಿ ಲೆಕ್ಕಕ್ಕೆ ಬರೋದನ್ನೇ ತಂದಿದೀನಿ. ನಾನು ಕೂರೋದು ಸಾಮಾನು ಕೋಣೇಲಿ. ಬರೆದಿದೆ ನೋಡಿ.”

ಅಧ್ಯಕ್ಷೆ ನೋಡಿದರು. ಯೋಜನಾಧಿಕಾರಿ ಎದ್ದು ಬಂದು ನೋಡಿ, ಮೊಹರು ತಮ್ಮ ಕಚೇರಿಯದೇ ಎಂದರು. ನಾನು ನನ್ನ ಪುಸ್ತಕದಿಂದ ಕಣ್ಣು ಎತ್ತಲಿಲ್ಲ.

“ಆದ್ರೆ ನೀವು ಅಲ್ಲಿ ಕೆಲಸ ಮಾಡ್ತೀರಲ್ಲ? ನಾವೇ ನೋಡಿದ್ವಿ,” ಎಂದರು ಮೇಷ್ಟ್ರು, ತಡೆಯಲಾರದೆ.

“ಹೌದು. ಹಳೇದಾದ ಮೇಲೆ ನಾನೂ ಒಂದು ಸಾಮಾನೇ.”

ಸಭೆಯಲ್ಲಿ ಒಂದಿಬ್ಬರು ನಕ್ಕರು. ಅವನೂ ಸ್ವಲ್ಪ ನಕ್ಕ. ಗಡಿಯಾರ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಮತಕ್ಕೆ ಹಾಕಿದಾಗ ನಾಲ್ಕು ಕೈ ಮೇಲೆದ್ದವು. ಮೇಷ್ಟ್ರು ಮಾತ್ರ ಕೈ ಕಟ್ಟಿಕೊಂಡು ಕುಳಿತರು. “ಕಾಗದದಲ್ಲಿ ಏನೇ ಇರ್ಲಿ, ನಾನು ಕಣ್ಣಾರೆ ನೋಡಿದೀನಿ,” ಎಂದು ಗೊಣಗಿದರು. ಅರ್ಜಿ ಮಂಜೂರಾಯಿತು. ಐದು ಜನರಲ್ಲಿ ಯಾರೂ ತಪ್ಪು ಮಾಡಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಬೈಯಲು ಒಬ್ಬರೂ ಸಿಗಲಿಲ್ಲ, ನನ್ನನ್ನು ಬಿಟ್ಟು.

ಹೊರಗಿನ ಮೊಗಸಾಲೆಯಲ್ಲಿ ನೀರಿನ ಕೊಳಾಯಿಯ ಹತ್ತಿರ ಗಂಡಹೆಂಡತಿ ನಿಂತಿದ್ದರು. ನಾನು ದಾಟಿ ಹೋಗಬೇಕಿತ್ತು, ಹೋಗಲಾಗಲಿಲ್ಲ.

“ಪೆಟ್ಟಿಗೆ ತಳದಲ್ಲಿ ಇಟ್ಟಿದ್ದೆ,” ಎಂದಳು ಗೋಂದಕ್ಕ.

“ಗೊತ್ತು. ಅಂಚೆಯವನು ಆ ಕಾಗದ ಕೊಟ್ಟಿದ್ದು ನನ್ನ ಕೈಗೆ. ನಿನ್ನ ಮೇಜಿನ ಮೇಲೆ ಇಟ್ಟೆ. ನೀನು ‘ಇಲ್ಲ’ ಅಂತ ಬರೆದೆ.”

“ಅಷ್ಟು ದಿನ ಯಾಕೆ ಸುಮ್ಮನಿದ್ರಿ?”

“ನೀನೇ ತೆಗೆದು ಕೊಡ್ತೀಯ ಅಂತ ಕಾದೆ.”

ಅವಳ ಕಣ್ಣು ತುಂಬಿತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಹಾಗಾದ್ರೆ ನಾನು ಇಷ್ಟೆಲ್ಲ ಯಾರಿಗೋಸ್ಕರ ಮಾಡಿದ್ದು?”

“ನನಗೋಸ್ಕರ. ಬೇರೆ ಯಾರಿಗೋಸ್ಕರ ಮಾಡಿದ್ರೂ ನಾನು ಬಾಯಿ ಬಿಡ್ತಿರಲಿಲ್ಲ,” ಎಂದ ಅವನು. ಆಮೇಲೆ, ಅವಳ ಭುಜದ ಮೇಲೆ ಕೂತಿದ್ದ ಒಂದು ಎಳೆಯನ್ನು ತೆಗೆಯುತ್ತಾ, “ನನ್ನ ಹೆಸರಲ್ಲಿ ಆ ಮಕ್ಕಳು ಒಲೆ ಪಕ್ಕ ಮಲಗೋದು ಬೇಡ. ನನ್ನ ಹೆಸರಲ್ಲಿ ನೀನು ಸುಳ್ಳು ಹೇಳೋದೂ ಬೇಡ,” ಎಂದ.

ಇಬ್ಬರೂ ಮೆಟ್ಟಿಲು ಇಳಿದರು, ಅವಳು ಎರಡು ಮೆಟ್ಟಿಲು ಮುಂದೆ. ನಾನು ಒಳಗೆ ಹೋಗಿ ಡ್ರಾಯರಿನಲ್ಲಿದ್ದ ನಕ್ಷೆಯನ್ನು ತೆಗೆದು ಅದರ ಕಡತಕ್ಕೆ ಸೇರಿಸಿ ಬಂದೆ. ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ಮರುದಿನ ನಡಾವಳಿ ಬರೆದೆ. ನಡಾವಳಿಯಲ್ಲಿ ಮಾತಿಗೆ ಜಾಗವಿಲ್ಲ. ಯಾರು ಏನು ಹೇಳಿದರು, ಯಾರು ನಕ್ಕರು ಎಂಬುದು ಬೇಡ. ತೀರ್ಮಾನ, ಎತ್ತಿದ ಕೈಗಳ ಸಂಖ್ಯೆ, ಮಾತಾಡಿದವರ ವಿಳಾಸ, ಇಷ್ಟೇ. ಅರ್ಜಿಯ ವಿರುದ್ಧ ಮಾತಾಡಿದವರ ವಿಳಾಸ ಬರೆದೆ. ಅದರ ಕೆಳಗೆ ಅರ್ಜಿಯ ಪರ ಮಾತಾಡಿದವರ ವಿಳಾಸ ಬರೆದೆ. ಸಭೆಗೆ ಬಾರದೆ ಸಹಿ ಮಾತ್ರ ಹಾಕುವ ನಮ್ಮ ಮುಖ್ಯಾಧಿಕಾರಿ ಎರಡಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ಎರಡೂ ಕಡೆ ಒಂದೇ ಮನೆ ಸಂಖ್ಯೆ ಬಂದಿದೆ. ತಪ್ಪು. ಸರಿಪಡಿಸಿ’ ಎಂದು ಬರೆದು ವಾಪಸು ಕಳಿಸಿದರು.

ನಾನು ಅದರ ಕೆಳಗೆ, ‘ಪರಿಶೀಲಿಸಿದೆ. ತಪ್ಪಿಲ್ಲ. ಗಂಡ ಹೆಂಡತಿ’ ಎಂದು ಬರೆದು ಮತ್ತೆ ಕಳಿಸಿದೆ.